ಶಾಲಿನ ಕೆಳಗಿನ ವ್ಯಾಪಾರ

“ಕಂಪನಿ ಅಂದ್ರೆ ಕುಟುಂಬ ಅಂತೆ, ಕುಟುಂಬ! ಇನ್ನೊಂದು ಸಲ ಆ ಮಾತು ನಿಮ್ಮ ಬಾಯಲ್ಲಿ ಬಂದ್ರೆ ನಾನು ಮನುಷ್ಯನಾಗಿರಲ್ಲ ಸಾರ್, ಈಗಲೇ ಹೇಳಿದೀನಿ!”

ನಟರಾಜ ಮೇಜಿನ ಮೇಲೆ ಗುದ್ದಿದ ರಭಸಕ್ಕೆ ತಟ್ಟೆಯಲ್ಲಿದ್ದ ತೆಂಗಿನಕಾಯಿ ಉರುಳಿ ಎದುರಿಗೆ ಕೂತಿದ್ದ ರಘುರಾಮನ ತೊಡೆಯ ಮೇಲೆ ಬಿತ್ತು. ರಘುರಾಮ್ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ತಲೆಯ ಮೇಲೆ ಮೈಸೂರು ಪೇಟ, ಹೆಗಲ ಮೇಲೆ ಜರಿ ಅಂಚಿನ ಶಾಲು, ಕೊರಳಲ್ಲಿ ಸುಗಂಧರಾಜದ ಹಾರ. ಬೈಸಿಕೊಳ್ಳುವುದಕ್ಕೆ ಇಷ್ಟು ಅಲಂಕಾರ ಮಾಡಿಕೊಂಡು ಕೂತವರನ್ನು ಅರಸೀಕೆರೆ ಅದುವರೆಗೆ ಕಂಡಿರಲಿಲ್ಲ.

“ಮೆಲ್ಲಗೆ ನಟರಾಜ್, ಮೆಲ್ಲಗೆ. ಇದು ಕಾನ್ಫಿಡೆನ್ಷಿಯಲ್.”

ಆ ಪದ ಬಾಯಿಂದ ಬಿದ್ದದ್ದೇ ತಡ, ಹಲಗೆಯ ಆಚೆ ಟಕಟಕ ಎನ್ನುತ್ತಿದ್ದ ಕೀಬೋರ್ಡುಗಳೆಲ್ಲ ಒಟ್ಟಿಗೆ ನಿಂತವು.

ಅವರಿಬ್ಬರು ಕೂತಿದ್ದ ಜಾಗಕ್ಕೆ ಕಾನ್ಫರೆನ್ಸ್ ರೂಮು ಎಂದು ಹೆಸರು. ಕೊಬ್ಬರಿ ಗೋಡೌನಿನ ಮಹಡಿಯಲ್ಲಿದ್ದ ಒಂದೇ ಹಾಲಿಗೆ ಪ್ಲೈವುಡ್ ಅಡ್ಡ ನಿಲ್ಲಿಸಿ ಮಾಡಿದ್ದು. ಉಳಿತಾಯ ಮಾಡಲು ಹೆಡ್ಡಾಫೀಸಿನವರು ಹಲಗೆ ಕಡಿಮೆ ಕಳಿಸಿದ್ದರಿಂದ ಅದು ಸೂರಿನ ತನಕ ಮುಟ್ಟುತ್ತಿರಲಿಲ್ಲ. ಹೀಗಾಗಿ ಆ ಆಫೀಸಿನಲ್ಲಿ ಗುಟ್ಟು ಎಂದು ಹೇಳಿದ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬಾಕಿ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

“ಟೈಪ್ ಮಾಡ್ರೋ!” ಎಂದು ನಟರಾಜ ಹಲಗೆಯ ಕಡೆ ತಿರುಗಿ ಗದರಿದ. ಟಕಟಕ ಮತ್ತೆ ಶುರುವಾಯಿತು. ಏನನ್ನೂ ಟೈಪ್ ಮಾಡದೆ ಬರಿದೇ ಕೀಲಿ ಕುಟ್ಟುವ ಸದ್ದು ಯಾವುದು ಎಂದು, ವರ್ಷಗಟ್ಟಲೆ ಟೈಪಿಂಗ್ ಕಲಿಸಿದ ಅವನ ಕಿವಿಗೆ ಗೊತ್ತಾಗದೆ ಇರುತ್ತದೆಯೇ.

ನಟರಾಜ ಅಲ್ಲೇ ಹತ್ತಿರದ ಗಂಡಸಿ ಊರಿನವನು. ಅವನಪ್ಪ ಜವರಪ್ಪ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಮಗ ಬಿ.ಕಾಂ. ಮುಗಿಸಿ ಇದೇ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದ. ತಾಲ್ಲೂಕಿನ ಅರ್ಧ ಗುಮಾಸ್ತರ ಬೆರಳು ತಿದ್ದಿದವನು ಅವನೇ. ತಪ್ಪು ಬೆರಳಿಟ್ಟವರ ಗೆಣ್ಣಿಗೆ ರೂಲು ದೊಣ್ಣೆಯಲ್ಲಿ ಬಡಿಯುತ್ತಿದ್ದ. ಬಡಿಸಿಕೊಂಡವರು ನೌಕರಿ ಸಿಕ್ಕ ಮೇಲೆ ಮೈಸೂರುಪಾಕು ತಂದುಕೊಡುತ್ತಿದ್ದರು. ಆಮೇಲೆ ಊರಿಗೆ ಕಂಪ್ಯೂಟರ್ ಬಂತು, ಟೈಪ್‌ರೈಟರುಗಳಿಗೆ ದೂಳು ಹಿಡಿಯಿತು. ಎರಡು ಸಾವಿರದ ಇಸವಿಯಲ್ಲಿ ರಘುರಾಮ್ ಮೆಟ್ಟಿಲು ಹತ್ತಿ ಬಂದ. ಬೇಲೂರಿನ ಸುಬ್ಬರಾಮಯ್ಯನವರ ಮಗ. ದೇವಸ್ಥಾನದ ಸೇವೆಯ ಮನೆತನದವನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದ.

“ಅಮೆರಿಕದ ಆಸ್ಪತ್ರೆಗಳ ಬಿಲ್ಲು ಕಂಪ್ಯೂಟರಿಗೆ ಏರಿಸೋ ಕೆಲಸ ನಟರಾಜ್. ಅಲ್ಲಿಯವರ ಕೈಲಿ ಮಾಡಿಸಿದ್ರೆ ದುಬಾರಿ. ಬೆಂಗಳೂರಿನವರ ಕೈಲಿ ಮಾಡಿಸಿದ್ರೂ ದುಬಾರಿ. ನಿಮ್ಮ ಹುಡುಗರ ಬೆರಳು ಚುರುಕು, ನಿಮ್ಮೂರು ಅಗ್ಗ,” ಎಂದಿದ್ದ.

ಆ ದಿನ ಅಗ್ಗ ಎನ್ನುವ ಮಾತು ಹೊಗಳಿಕೆಯ ಹಾಗೆ ಕೇಳಿಸಿತ್ತು.

ನಟರಾಜ ಇನ್‌ಸ್ಟಿಟ್ಯೂಟಿನ ಬೋರ್ಡು ಇಳಿಸಿ ಯೂನಿಟ್ಟಿನ ಮೇಲ್ವಿಚಾರಕನಾದ. ತನ್ನ ಹಳೆಯ ವಿದ್ಯಾರ್ಥಿಗಳ ಮನೆಮನೆಗೆ ಹೋಗಿ ಕರೆದ. ಎಲ್ಲರಿಗಿಂತ ಚುರುಕು ಬೆರಳಿನ ಮಂಜುಳಾಗೆ ಆಗಲೇ ಅಂಗನವಾಡಿ ಕೆಲಸ ಕೈಗೆ ಬಂದಿತ್ತು. ಅವಳ ತಾಯಿ, “ಇವ್ರು ನಾಳೆ ಅಂಗಡಿ ಮುಚ್ಕೊಂಡು ಹೊಂಟೋದ್ರೆ ಏನಪ್ಪಾ ಗತಿ?” ಎಂದು ಕೇಳಿದಾಗ ನಟರಾಜ ಆಕೆಯ ಅಂಗೈಯ ಮೇಲೆ ತನ್ನ ಕೈ ಇಟ್ಟು, “ನಾನಿದೀನಿ ಕಣಕ್ಕ,” ಎಂದಿದ್ದ. ಹೀಗೆ ಅವನು ಕೈ ಇಟ್ಟ ಮನೆಗಳು ಗಂಡಸಿಯಲ್ಲಿ, ಅರಸೀಕೆರೆಯಲ್ಲಿ, ಅತ್ತ ಗೆಂಡೆಹಳ್ಳಿಯ ತನಕ ಇದ್ದವು. ಇವತ್ತು ಮೇಜಿಗೆ ಬಿದ್ದದ್ದು ಅದೇ ಕೈ.

ಯಾಕೆಂದರೆ ರಘುರಾಮ್ ಈಗಷ್ಟೇ ಹೇಳಿದ್ದು ಇದು: ಕೆಲಸವೆಲ್ಲ ಫಿಲಿಪೈನ್ಸಿನ ಮನಿಲಾಕ್ಕೆ ಹೋಗುತ್ತದೆ. ಇಲ್ಲಿರುವ ಇಪ್ಪತ್ತು ಜನರಲ್ಲಿ ಹತ್ತು ಜನರನ್ನು ಈ ತಿಂಗಳೇ ಬಿಡಬೇಕು. ಉಳಿದ ಹತ್ತು ಜನ ಮನಿಲಾದವರಿಗೆ ಫೋನಿನಲ್ಲಿ ಕೆಲಸ ಕಲಿಸಬೇಕು. ಮೊದಲ ಪಾಠ ಇವತ್ತೇ, ಮಧ್ಯಾಹ್ನ ಎರಡು ಗಂಟೆಗೆ. ಯಾವ ಹತ್ತು ಜನ ಹೋಗಬೇಕು ಎಂದು ಸಾಯಂಕಾಲದೊಳಗೆ ನಟರಾಜನೇ ಹೆಸರು ಹೇಳಬೇಕು.

“ನೀವು ಸೇಫ್ ನಟರಾಜ್,” ಎಂದ ರಘುರಾಮ್, ತೆಂಗಿನಕಾಯಿ ಸವರುತ್ತ. “ಲೀಡರ್‌ಶಿಪ್ ಅಂದ್ರೆ ಕಷ್ಟದ ನಿರ್ಧಾರ ತಗೊಳ್ಳೋದು.”

“ನಿರ್ಧಾರ ನಿಮ್ದು, ಕಷ್ಟ ನಮ್ದು. ಚೆನ್ನಾಗಿ ಹಂಚಿದ್ರಿ.”

“ಇದನ್ನ ಒಂದು ಅವಕಾಶ ಅಂತ ನೋಡಬೇಕು.”

“ಹಂಗಿದ್ರೆ ನೀವೇ ಇಟ್ಕಳಿ ಸಾರ್ ಆ ಅವಕಾಶಾನ. ನಮಗೆ ಹಳೇ ಕೆಲಸ ಸಾಕು.”

ಹಲಗೆಯ ಆಚೆಯಿಂದ ಕಿಸಕ್ ಎಂದು ಯಾರೋ ನಕ್ಕರು. ಅದು ಸ್ವಾಮಿ. ಟೈಪಿಂಗಿನಲ್ಲಿ ಎಲ್ಲರಿಗಿಂತ ಹಿಂದೆ, ನಗುವುದರಲ್ಲಿ ಎಲ್ಲರಿಗಿಂತ ಮುಂದೆ.

ಈ ಪೇಟ, ಶಾಲು, ಹಾರದ ಕತೆಯನ್ನೂ ಹೇಳಿಬಿಡಬೇಕು. ಹಿಂದಿನ ವಾರ ರಘುರಾಮ್ ಫೋನ್ ಮಾಡಿ, “ಒಂದು ದೊಡ್ಡ ಬದಲಾವಣೆ ಬರ್ತಾ ಇದೆ, ಖುದ್ದಾಗಿ ಬಂದು ಹೇಳ್ತೀನಿ, ಎಲ್ಲರೂ ಹಾಜರಿರಬೇಕು,” ಎಂದಿದ್ದ. ಬೆಂಗಳೂರಿನಲ್ಲಾಗಿದ್ದರೆ ಈ ಮಾತು ಕೇಳಿದವರು ಆ ಕ್ಷಣವೇ ಬೇರೆ ಕೆಲಸ ಹುಡುಕಲು ಶುರು ಮಾಡುತ್ತಿದ್ದರು. ಅರಸೀಕೆರೆಯಲ್ಲಿ ದೊಡ್ಡವರು ಖುದ್ದಾಗಿ ಬರುವುದು ಒಂದೋ ಶಂಕುಸ್ಥಾಪನೆಗೆ, ಇಲ್ಲವೇ ಉದ್ಘಾಟನೆಗೆ. ಹಾಗಾಗಿ ಎಲ್ಲರೂ ಸೇರಿ ಹೊಸ ಕಟ್ಟಡ ಎಂದು ತೀರ್ಮಾನಿಸಿಬಿಟ್ಟರು. ಸಂಬಳ ಏರುವುದೂ ಖಾತ್ರಿ ಎಂದ ಸ್ವಾಮಿ, ಹೊಸ ಸ್ಕೂಟರಿನ ಬಣ್ಣ ಕೂಡ ಆರಿಸಿದ. ಚಂದಾ ಎತ್ತಿ ಶಾಲು ತಂದರು. ಆಫೀಸು ಗುಡಿಸಿ ಟೀ ಕೊಡುವ ಮುತ್ತಮ್ಮ ಬೆಳಗ್ಗೆಯೇ ಬಂದು ಒಬ್ಬಟ್ಟು ತಟ್ಟಿದಳು. ರಘುರಾಮ್ ಕಾರಿನಿಂದ ಇಳಿದದ್ದೇ ಪೇಟ ತೊಡಿಸಿ, ಹಾರ ಹಾಕಿ, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು. ಅವನಿಗೆ ಬೇಡ ಎನ್ನಲೂ ಬಾಯಿ ಬರಲಿಲ್ಲ, ತೆಗೆಯಲೂ ಕೈ ಬರಲಿಲ್ಲ.

“ಹೋದ ವರ್ಷ ಹಳೇಬೀಡಿಗೆ ಕರ್ಕೊಂಡು ಹೋಗಿ ಭಾಷಣ ಮಾಡಿದ್ರಲ್ಲ ಸಾರ್,” ಎಂದ ನಟರಾಜ. “ಆ ಶಿಲ್ಪಿಗಳ ಹಂಗೆ ತಲೆಮಾರುಗಟ್ಲೆ ಇಲ್ಲೇ ಕೆಲಸ ಮಾಡೋಣ ಅಂದ್ರಿ.”

“ಅದು ಮೋಟಿವೇಷನ್ ನಟರಾಜ್…”

“ಈ ಗುಡಿಗೆ ಗೋಪುರಾನೇ ಇಲ್ವಲ್ಲ ಸಾರ್, ಅವ್ರಿಗೂ ಅರ್ಧಕ್ಕೇ ಕೆಲಸ ನಿಂತೋಯ್ತಾ ಅಂತ ಮಂಜುಳಾ ಕೇಳಿದ್ಲು. ನಾನೇ ಅವಳಿಗೆ ಸುಮ್ನಿರು ಅಂತ ಗದರಿದೆ. ಇವತ್ತು ಅವಳ ಕಾಲಿಗೆ ಬೀಳಬೇಕು ಅನ್ಸುತ್ತೆ.”

“ಬೀಳಿ ಸಾರ್, ಪರವಾಗಿಲ್ಲ,” ಎಂದಿತು ಹಲಗೆಯ ಆಚೆಯಿಂದ ಮಂಜುಳಾಳ ದನಿ.

ನಟರಾಜ ಎದ್ದು ಕಿಟಕಿಯ ಹತ್ತಿರ ನಿಂತ. ಕೆಳಗೆ ಗೋಡೌನಿನ ಮುಂದೆ ಕೊಬ್ಬರಿ ಚೀಲಗಳು ಲಾರಿ ಏರುತ್ತಿದ್ದವು. ಅವನಿಗೆ ಲಿಂಡಕ್ಕನ ನೆನಪು ಬಂತು.

ಈ ಕೆಲಸ ಅವರಿಗೆ ಕಲಿಸಿದವಳು ಅಮೆರಿಕದ ಲಿಂಡಾ ಎಂಬ ಹೆಂಗಸು. ದಿನಾ ಸಾಯಂಕಾಲ ಫೋನಿನಲ್ಲಿ ಪಾಠ. ತಾಳ್ಮೆಯ ಹೆಂಗಸು, ಕೇಳಿದ್ದನ್ನು ಎಷ್ಟು ಸಲ ಕೇಳಿದರೂ ಹೇಳುತ್ತಿದ್ದಳು. ಇಲ್ಲಿಯವರು ಅವಳನ್ನು ಲಿಂಡಕ್ಕ ಮಾಡಿಕೊಂಡು, ಊಟ ಆಯಿತೇ ಎಂದು ಕೇಳಿಯೇ ಪಾಠ ಶುರು ಮಾಡುತ್ತಿದ್ದರು. ಕಲಿಸಲು ನೇಮಿಸಿದ್ದಾರೆ ಎಂದರೆ ಅವಳಿಗೆ ಬಡ್ತಿ ಸಿಕ್ಕಿರಬೇಕು ಎಂದುಕೊಂಡು ಶುಭಾಶಯವನ್ನೂ ಹೇಳಿದ್ದರು. ಲಿಂಡಕ್ಕ ಬಹಳ ಹೊತ್ತು ಸುಮ್ಮನಿದ್ದು ಥ್ಯಾಂಕ್ಸ್ ಎಂದಿದ್ದಳು. ಕೊನೆಯ ದಿನ ಪಾಠದ ನಡುವೆ, “ಕಾಫಿ ತಗೊಂಡು ಬರ್ತೀನಿ, ಲೈನಲ್ಲೇ ಇರಿ,” ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದುಹೋದವಳು ಬರಲೇ ಇಲ್ಲ. ಇವರು ರಿಸೀವರು ಹಿಡಿದುಕೊಂಡು ಕಾದರು, ಕಾದರು. “ಅಮೆರಿಕದ ಲೋಟ ದೊಡ್ಡದಿರಬೇಕು ಕಣ್ಲಾ,” ಎಂದು ಸ್ವಾಮಿ ಹೇಳಿ ಎಲ್ಲರನ್ನೂ ನಗಿಸಿದ್ದ.

“ಸಾರ್,” ನಟರಾಜ ತಿರುಗದೆಯೇ ಕೇಳಿದ. “ನಮಗೆ ಕಲಿಸಿದ ಲಿಂಡಾ ಏನಾದ್ರು?”

ರಘುರಾಮ್ ಹಾರದಿಂದ ಒಂದು ಹೂವು ಕಿತ್ತ. “ಅವರದ್ದು… ಆ ಯೂನಿಟ್ ಆಗ ಕ್ಲೋಸ್ ಆಯ್ತು.”

“ಅವ್ರಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಈ ಸಲ ಕೀಬೋರ್ಡುಗಳು ನಿಂತಾಗ ನಟರಾಜ ಗದರಲಿಲ್ಲ. ಅವಳ ಬಾಯಿಂದ ಅನ್ನ ಕಿತ್ತು ತಿಂದು, ಮೇಲೆ ಊಟ ಆಯಿತೇ ಎಂದು ಬೇರೆ ಕೇಳಿದ್ದೆವಲ್ಲ ಎಂದು ನೆನೆದು ಅವನ ಕಿವಿ ಬಿಸಿಯಾಯಿತು. ಅವನಿಗೆ ನಾಚಿಕೆಯಾದಾಗಲೂ ಸಿಟ್ಟೇ ಬರುತ್ತಿತ್ತು. ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ರಘುರಾಮನ ಮೊಣಕಾಲಿಗೆ ಮೊಣಕಾಲು ತಗುಲುವಷ್ಟು ಹತ್ತಿರ ಕೂತ.

“ನಾನು ಯಾರ ಹೆಸರೂ ಹೇಳಲ್ಲ. ಆದ್ರೆ ವ್ಯಾಪಾರ ಮಾತಾಡಾನ. ಗುಟ್ಟಾಗೇ ಮಾತಾಡಾನ. ನೀವು ಬೆಳಗ್ಗಿಂದ ಗುಟ್ಟು ಗುಟ್ಟು ಅಂತೀರಿ, ಗುಟ್ಟು ಅಂದ್ರೆ ಹೆಂಗಿರ್ತದೆ ಅಂತ ನಮ್ಮಪ್ಪ ಕಲಿಸವ್ನೆ. ಆ ಶಾಲು ಕೊಡಿ. ಕೈ ಕೊಡಿ.”

ದನದ ಸಂತೆಯಲ್ಲಿ ದಲ್ಲಾಳಿಗಳು ಬಾಯಲ್ಲಿ ಬೆಲೆ ಹೇಳುವುದಿಲ್ಲ. ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಜವರಪ್ಪ ಈ ವಿದ್ಯೆಯಲ್ಲಿ ಪಳಗಿದವನು. ಬೇರೆ ಹೊತ್ತಿನಲ್ಲಿ ಅವನಿಗೆ ನೀರು ಕೊಡುವಾಗಲೂ ಮೇಲಿಂದ ಹೊಯ್ಯುತ್ತಿದ್ದ ದೊಡ್ಡ ಮನೆಯವರು, ಸಂತೆಯ ದಿನ ಟವೆಲ್ಲಿನ ಕೆಳಗೆ ಅವನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಅದನ್ನು ಜವರಪ್ಪ ಯಾರ ಹತ್ತಿರವೂ ಆಡಿದವನಲ್ಲ. ಮಗನಿಗೆ ಮಾತ್ರ ಒಮ್ಮೆ ಹೇಳಿ ನಕ್ಕಿದ್ದ.

“ಓ, ಇದನ್ನ ಚಿಕ್ಕವನಿದ್ದಾಗ ನೋಡಿದೀನಿ!” ರಘುರಾಮನ ಮುಖ ಅರಳಿತು. ಜಗಳ ಮುಗಿದು ಆಟ ಶುರುವಾಯಿತು ಎಂದು ಅವನಿಗೆ ಅನ್ನಿಸಿರಬೇಕು. “ಎಷ್ಟು ಚೆನ್ನಾಗಿದೆ ನಮ್ಮ ಕಡೆ ಸಂಸ್ಕೃತಿ. ಇದನ್ನ ನನ್ನ ಪ್ರೆಸೆಂಟೇಷನ್ನಲ್ಲಿ ಹಾಕಬೇಕು.”

“ಹಾಕುವ್ರಂತೆ. ಒಂದು ಬೆರಳು ಹಿಡಿದ್ರೆ ಒಂದು. ಇಡೀ ಕೈ ಹಿಡಿದ್ರೆ ಐದು. ಒಪ್ಪಿದ್ರೆ ಒತ್ತಬೇಕು, ಒಪ್ಪದಿದ್ರೆ ಕೊಡವಬೇಕು. ಎಷ್ಟು ಜನ ಹೋಗಬೇಕು, ಅದೇ ವ್ಯಾಪಾರ. ಹ್ಞೂಂ, ನಿಮ್ಮದು ಹೇಳಿ.”

ಇಬ್ಬರ ಕೈಗಳೂ ಶಾಲಿನ ಕೆಳಗೆ ಹೋದವು. ಅಷ್ಟರಲ್ಲಿ ಹಲಗೆಯ ಮೇಲ್ತುದಿಯಲ್ಲಿ ಸ್ವಾಮಿಯ ಹಣೆ, ಆಮೇಲೆ ಕಣ್ಣು, ಕೊನೆಗೆ ಮೂಗು ಕಾಣಿಸಿತು. ಅವನು ಸ್ಟೂಲು ಹತ್ತಿದ್ದ.

“ಏನ್ಲಾ ಸ್ವಾಮಿ, ಏನ್ ನಡೀತೈತೆ?” ಕೆಳಗಿನಿಂದ ಮುತ್ತಮ್ಮನ ದನಿ.

“ಶಾಲು ಅಲ್ಲಾಡ್ತಾ ಐತೆ ಕಣಮ್ಮೋ.”

“ಯಾರ ಕೈ ಮೇಲೈತೆ?”

“ಅದು ಕಾಣ್ಲಿ ಅಂತ ಶಾಲು ಮುಚ್ಚವ್ರಾ? ಸುಮ್ನಿರು.”

ಶಾಲಿನ ಒಳಗೆ ರಘುರಾಮ್ ನಟರಾಜನ ಇಡೀ ಕೈಯನ್ನು ಒಮ್ಮೆ ಹಿಡಿದ, ಮತ್ತೊಮ್ಮೆ ಹಿಡಿದ. ಹತ್ತು. ನಟರಾಜ ಕೊಡವಿ, ಅವನ ಕಿರುಬೆರಳನ್ನು ಮಾತ್ರ ಹಿಡಿದ. ಒಂದು. ಅದು ತಾನೇ. ನಾನೊಬ್ಬ ಹೋಗುತ್ತೇನೆ, ಮಿಕ್ಕವರು ಇರಲಿ ಎನ್ನುವುದು ಅವನ ಲೆಕ್ಕ.

ಈಗ ರಘುರಾಮ್ ಕೈ ಕೊಡವಿ ಎಗರಾಡಬೇಕು. ಸಂತೆಯ ಕ್ರಮ ಅದು. ಎತ್ತಿನ ಯಜಮಾನನಾದವನು, “ಏನ್ಲಾ, ನನ್ನ ಎತ್ತನ್ನ ಕುರಿ ಅಂದ್ಕೊಂಡಾ?” ಎಂದು ದೇವರನ್ನೂ ಹೆಂಡತಿ ಮಕ್ಕಳನ್ನೂ ಸಾಕ್ಷಿಗೆ ಕರೆದು, ಎದ್ದುಹೋಗುವ ಹಾಗೆ ನಟಿಸಿ, ಮತ್ತೆ ಬಂದು ಕೂರಬೇಕು. ಒಂದು ಬೆರಳು ಇಳಿಯುವುದಕ್ಕೆ ಎರಡು ಬೀಡಿ ಸುಡಬೇಕು. ನಟರಾಜ ಅದಕ್ಕೆಲ್ಲ ಸಿದ್ಧನಾಗಿ ಅಂಗಿಯ ತೋಳು ಮಡಚಿಕೊಂಡು ಕೂತಿದ್ದ.

ರಘುರಾಮ್ ಎಗರಾಡಲಿಲ್ಲ. ನಗುನಗುತ್ತಲೇ ಎಂಟಕ್ಕೆ ಇಳಿದ. ನಟರಾಜ ಮತ್ತೆ ಕಿರುಬೆರಳು ಹಿಡಿದ. ಐದು. ಕಿರುಬೆರಳು. ಮೂರು.

“ಇಳೀತಾ ಅವ್ನೆ, ಇಳೀತಾ ಅವ್ನೆ!” ಸ್ವಾಮಿ ಸ್ಟೂಲಿನ ಮೇಲೆ ಕುಣಿದ. ನಟರಾಜನ ಭುಜ ನೋಡಿಯೇ ಅವನು ಅಷ್ಟನ್ನು ಊಹಿಸಿದ್ದ. ಹಲಗೆಯ ಆಚೆ ಯಾರೋ ಸಿಳ್ಳೆ ಹೊಡೆದರು. “ಹಿಡ್ಕಳಿ ಸಾರ್, ಬಿಡಬೇಡಿ!” ಎಂದು ಮಂಜುಳಾ ಕೂಗಿದಳು.

ನಟರಾಜನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಅವನು ರಘುರಾಮನ ಕೈಯನ್ನೇ ಯೋಚಿಸುತ್ತಿದ್ದ. ಮೆತ್ತನೆಯ ಕೈ, ಬೆವರಿತ್ತು. ಆದರೆ ಹೆದರಿದ ಕೈ ಬಿಗಿಯಾಗಿರಬೇಕಲ್ಲ? ಇದು ಎಳೆದ ಕಡೆಗೆ ಬರುತ್ತಿತ್ತು. ನಟರಾಜ ಕಿರುಬೆರಳನ್ನು ಬಿಟ್ಟ. ತನ್ನ ಬೆರಳುಗಳನ್ನೆಲ್ಲ ಮಡಚಿ ಬರೀ ಮುಷ್ಟಿಯನ್ನು ರಘುರಾಮನ ಅಂಗೈಯೊಳಗೆ ಇಟ್ಟ. ಮುಷ್ಟಿ ಎಂದರೆ ಸೊನ್ನೆ. ಯಾರೂ ಹೋಗುವುದಿಲ್ಲ. ಸಂತೆಯಲ್ಲಿ ಯಾರಾದರೂ ಹೀಗೆ ಮುಷ್ಟಿ ಇಟ್ಟರೆ, ಎತ್ತನ್ನು ಪುಕ್ಕಟೆ ಕೊಡು ಎಂದ ಹಾಗೆ. ಹಾಗೆ ಕೇಳಿ ಏಟು ತಿಂದವರನ್ನು ಜವರಪ್ಪ ಕಂಡಿದ್ದ.

ರಘುರಾಮ್ ಮುಷ್ಟಿಯನ್ನು ಮೆಲ್ಲಗೆ ಒತ್ತಿದ. ಒಪ್ಪಿಗೆ.

ನಟರಾಜ ಶಾಲನ್ನು ಎತ್ತಿಬಿಟ್ಟ. ಒಳಗೆ ಎರಡು ಕೈಗಳು ಪೆಚ್ಚಾಗಿ ಕೂತಿದ್ದವು.

“ಎತ್ತು ನಿಮ್ಮದಲ್ಲ,” ಎಂದ.

“ಏನು?”

“ಯಜಮಾನ ಇಷ್ಟು ಸಲೀಸಾಗಿ ಇಳಿಯಲ್ಲ ಸಾರ್. ಹತ್ತು ಅಂದ್ರೂ ಹ್ಞೂಂ, ಮೂರು ಅಂದ್ರೂ ಹ್ಞೂಂ, ಸೊನ್ನೆ ಅಂದ್ರೂ ಹ್ಞೂಂ. ಹಗ್ಗ ನಿಮ್ಮ ಕೈಲಿಲ್ಲ. ವ್ಯಾಪಾರ ಮೊದಲೇ ಮುಗಿದೋಗೈತೆ. ನಿಜ ಹೇಳಿ, ಎಷ್ಟು ಜನ?”

ರಘುರಾಮ್ ಪೇಟವನ್ನು ತಲೆಯಿಂದ ತೆಗೆದು ತೆಂಗಿನಕಾಯಿಯ ಪಕ್ಕ ಇಟ್ಟ. ಪೇಟ ತೆಗೆದ ಮೇಲೆ ಅವನು ಒಮ್ಮೆಲೇ ಬೇಲೂರಿನ ಹುಡುಗನ ಹಾಗೆ ಕಂಡ. ಪರೀಕ್ಷೆಯಲ್ಲಿ ಉತ್ತರ ಮರೆತ ಹುಡುಗ.

“ಎಲ್ಲರೂ,” ಎಂದ. “ಕಲಿಸಿ ಮುಗಿದ ಮೇಲೆ ಎಲ್ಲರೂ. ಯೂನಿಟ್ ಮುಚ್ತಾರೆ. ಮೊದಲೇ ಹೇಳಿದ್ರೆ ಯಾರೂ ಕಲಿಸಲ್ಲ, ಅದಕ್ಕೆ ಈಗ ಅರ್ಧ ಅಂತ ಹೇಳು ಅಂದ್ರು.”

“ನಾನು ಸೇಫ್ ಅಂದ್ರಲ್ಲ?”

“ಕಲಿಸೋ ತನಕ.”

“ನೀವು?”

ರಘುರಾಮ್ ಕೊರಳಿನ ಹಾರ ಸರಿಮಾಡಿಕೊಂಡ. “ಇಲ್ಲಿ ಗಲಾಟೆ ಆಗದ ಹಾಗೆ ಮುಗಿಸಿದ್ರೆ ನನ್ನ ನೋಡ್ಕೋತಾರಂತೆ.”

“ಅಂತೆ!” ಎಂದ ನಟರಾಜ. ಅವನಿಗೆ ಆ ಕ್ಷಣ ಬೇಡದಿದ್ದರೂ ನಗು ಬಂತು. ಇಷ್ಟು ದಿನ ಇವನನ್ನು ಯಜಮಾನ ಎಂದುಕೊಂಡು ಹೆದರಿದ್ದು, ಬೈದದ್ದು, ಶಾಲು ಹೊದಿಸಿದ್ದು. ಕಡೆಗೆ ನೋಡಿದರೆ ಇವನೂ ಒಬ್ಬ ದಲ್ಲಾಳಿ. ಅದೂ ಕಸುಬು ಬಾರದ ದಲ್ಲಾಳಿ. ಅಪ್ಪನ ಕೈಗೆ ಸಿಕ್ಕಿದ್ದರೆ ಇವನನ್ನು ಹಗ್ಗ ಹಿಡಿಯುವುದಕ್ಕೂ ಇಟ್ಟುಕೊಳ್ಳುತ್ತಿರಲಿಲ್ಲ.

ಬಾಗಿಲು ತೆರೆದುಕೊಂಡು ಮುತ್ತಮ್ಮ ಒಳಗೆ ಬಂದಳು. ಕೈಯಲ್ಲಿ ಬಾಳೆ ಎಲೆ. ಅವಳೂ ಎಲ್ಲವನ್ನೂ ಕೇಳಿದ್ದಳು.

“ಊಟಕ್ಕೆ ಏಳಿ.”

“ನನಗೆ ಬೇಡಮ್ಮ,” ಎಂದ ರಘುರಾಮ್.

“ಬ್ಯಾಡ ಅಂದ್ರೆ? ಬೆಳಗ್ಗೆ ಕೋಳಿ ಕೂಗೋಕೆ ಮುಂಚೆ ಎದ್ದು ತಟ್ಟಿದೀನಿ. ಹೊಸ ಕಟ್ಟಡ ಅಂತ ತುಪ್ಪ ಬ್ಯಾರೆ ಜಾಸ್ತಿ ಸುರಿದೆ, ನನ್ನ ಬುದ್ಧಿಗಿಷ್ಟು. ಕೆಲಸ ತೆಗಿಯೋರು ತೆಗೀಲಿ, ಎಲೆ ಹಾಕಿದ ಮ್ಯಾಲೆ ಉಣ್ಣದೆ ಎದ್ದೋಗೋದು ನಮ್ಮಲ್ಲಿಲ್ಲ.”

ರಘುರಾಮನನ್ನು ಹಾಲಿನ ನಡುವೆ ಕೂರಿಸಿದರು. ಸುತ್ತ ಇಪ್ಪತ್ತು ಜನ. ಯಾರೂ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಅಷ್ಟು ಹಿಂಸೆಯಾಗುತ್ತಿರಲಿಲ್ಲವೇನೋ. ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿದರು.

“ಇನ್ನೊಂದು ಹಾಕಿಸ್ಕೊಳ್ಳಿ ಸಾರ್,” ಎಂದಳು ಮಂಜುಳಾ. “ಇದನ್ನೂ ಒಂದು ಅವಕಾಶ ಅಂತ ನೋಡಿ.”

“ಸಾಕು ಮಂಜುಳಾ.”

“ಸಾಕು ಅಂದ್ರೆ ಹೆಂಗೆ? ಕಷ್ಟದ ನಿರ್ಧಾರ ತಗೊಳ್ಳಿ,” ಎಂದು ಸ್ವಾಮಿ ಮೇಲೆ ತುಪ್ಪ ಸುರಿದ. “ಮನಿಲಾದಲ್ಲಿ ಒಬ್ಬಟ್ಟು ಸಿಗ್ತದಾ ಸಾರ್? ವಿಚಾರಿಸಿದ್ರಾ? ಅಗ್ಗಕ್ಕೆ ಸಿಗಬೌದು.”

ರಘುರಾಮನಿಗೂ ನಗು ಬಂತು. ನಗುವಾಗ ಒಬ್ಬಟ್ಟು ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ಮುತ್ತಮ್ಮ ನೆತ್ತಿ ತಟ್ಟಿ ನೀರು ಕುಡಿಸಿದಳು. ನೆತ್ತಿ ತಟ್ಟುವಾಗ ಸ್ವಲ್ಪ ಜೋರಾಗಿಯೇ ತಟ್ಟಿದಳೆಂದು ಆಮೇಲೆ ಎಲ್ಲರೂ ಹೇಳಿದರು.

ನಟರಾಜ ಮಂಜುಳಾಳ ಎದುರಿಗೆ ಹೋಗಿ ನಿಂತ.

“ನಿಮ್ಮವ್ವನ ಕೈ ಮೇಲೆ ಕೈ ಇಟ್ಟಿದ್ದೆ ಕಣಮ್ಮ. ಏನು ಮುಖ ತೋರಿಸ್ಲಿ ನಾನು?”

ಮಂಜುಳಾ ಸೆರಗಿಗೆ ಕೈ ಒರೆಸಿಕೊಂಡಳು. “ನೀವು ಹೆಸರು ಹೇಳಿದ್ರೆ ಮುಖ ತೋರಿಸೋಕಾಗ್ತಿರಲಿಲ್ಲ. ಹೇಳಲಿಲ್ವಲ್ಲ. ಅವ್ವ ಬೈತಾಳೆ ಬಿಡಿ, ಅವ್ಳು ಬೈದ್ರೆ ಏನು, ನನಗೆ ದಿನಾ ಬೈತಾಳೆ.” ಆಮೇಲೆ, “ಆ ಮನಿಲಾದವ್ರಿಗೆ ಕಲಿಸ್ತೀರಾ ಸಾರ್?” ಎಂದಳು.

ನಟರಾಜ ಉತ್ತರ ಕೊಡುವ ಮುಂಚೆ ಎರಡು ಗಂಟೆಯಾಯಿತು, ಫೋನು ರಿಂಗಾಯಿತು.

ಎಲ್ಲರೂ ಅವನನ್ನೇ ನೋಡಿದರು. ರಘುರಾಮ್ ತುಪ್ಪದ ಕೈ ಹಿಡಿದುಕೊಂಡು ಎಲೆಯ ಮುಂದಿನಿಂದಲೇ, “ಪ್ಲೀಸ್ ನಟರಾಜ್,” ಎಂದ. ನಟರಾಜ ರಿಸೀವರು ಎತ್ತಿದ.

ಆ ಕಡೆ ಒಬ್ಬ ಹುಡುಗಿ. ದನಿ ಕೇಳಿದರೆ ಮಂಜುಳಾಳಿಗಿಂತ ಚಿಕ್ಕವಳು. ತುಂಬ ಸಂತೋಷದಲ್ಲಿದ್ದಳು. ಹೊಸ ಕೆಲಸ, ಮನೆಯಲ್ಲಿ ಎಲ್ಲರಿಗೂ ಖುಷಿ, ನಿಮ್ಮಿಂದ ಕಲಿಯುವುದು ನಮ್ಮ ಭಾಗ್ಯ ಎಂದಳು. ಅವಳ ಹಿಂದೆ ಇನ್ನಷ್ಟು ಹುಡುಗಿಯರು ಕಿಲಕಿಲ ನಗುತ್ತಿದ್ದರು. ಆಮೇಲೆ ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು, “ನಿಮ್ಮ ಊಟ ಆಯಿತೇ ಸಾರ್?”

ನಟರಾಜ ಕಣ್ಣು ಮುಚ್ಚಿಕೊಂಡ. ಬೈಯಬೇಕೆಂದು ಬೆಳಗ್ಗೆಯಿಂದ ಬಾಯಿ ತುಂಬ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ.

“ಆಯ್ತು ತಾಯಿ,” ಎಂದು ಕನ್ನಡದಲ್ಲೇ ಹೇಳಿ, ನಿಧಾನವಾಗಿ ತನ್ನ ಬಿ.ಕಾಂ. ಇಂಗ್ಲಿಷಿಗೆ ತಿರುಗಿದ. “ಮೊದಲ ಪಾಠ ಹೇಳ್ತೀನಿ, ಬರೆದುಕೋ. ನಿಮ್ಮ ಯಜಮಾನ ಯಾರು ಅಂತ ಕೇಳಿ ತಿಳ್ಕೋ. ನಿನ್ನ ಎದುರಿಗೆ ಬರೋನಲ್ಲ, ಅವನ ಹಿಂದಿರೋನು. ನಿಮ್ಮ ಊರು ಅಗ್ಗ ಅಂತ ಯಾರಾದ್ರೂ ಹೊಗಳಿದ್ರೆ, ಇನ್ನೂ ಅಗ್ಗದ ಊರು ಯಾವುದು ಅಂತ ಅವತ್ತೇ ಕೇಳು. ಬರೆದುಕೊಂಡೆಯಾ?”

“ಯೆಸ್ ಸಾರ್,” ಎಂದಳು ಹುಡುಗಿ, ಅರ್ಥವಾಗದೆ. “ಆಮೇಲೆ ಸಾರ್?”

“ಆಮೇಲೆ… ಲೈನಲ್ಲೇ ಇರಿ. ಕಾಫಿ ಕುಡ್ದು ಬತ್ತೀನಿ.”

ರಿಸೀವರನ್ನು ಇಡದೆ ಮೇಜಿನ ಮೇಲೆ ಮಲಗಿಸಿದ. ಶಾಲನ್ನು ಮಡಚಿ ರಘುರಾಮನ ಹೆಗಲಿಗೆ ಹಾಕಿದ, “ಚಂದಾ ಎತ್ತಿ ತಂದದ್ದು, ಜೋಪಾನ.” ಆಮೇಲೆ ಬಾಗಿಲ ಬಳಿಗೆ ನಡೆದ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅವನ ಇನ್‌ಸ್ಟಿಟ್ಯೂಟಿನ ಕೊನೆಯ ಟೈಪ್‌ರೈಟರು ಇತ್ತು. ‘ನಮ್ಮ ಪಯಣದ ಆರಂಭ’ ಎಂದು ಅದರ ಮೇಲೆ ಹಿತ್ತಾಳೆ ಫಲಕ ಹೊಡೆಸಿದ್ದವನು ರಘುರಾಮನೇ. ನಟರಾಜ ಗಾಜು ಸರಿಸಿ ಮಿಷನ್ನನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡ. ಫಲಕವನ್ನು ಅಲ್ಲೇ ಬಿಟ್ಟ.

“ಭಾರ ಐತೆ ಸಾರ್, ಕೊಡಿ ಇತ್ಲಾಗೆ,” ಎಂದು ಸ್ವಾಮಿ ಮುಂದೆ ಬಂದ.

“ಏಯ್, ದೂರ ನಿಂತ್ಕೋ. ನಿನ್ನ ಬೆರಳು ಮೊದಲೇ ನೆಟ್ಟಗಿಲ್ಲ.”

ಮೆಟ್ಟಿಲಿನ ಮೇಲೆ ಅವನ ಚಪ್ಪಲಿಯ ಸದ್ದು ಕೆಳಗಿಳಿಯಿತು. ಒಂದು ಕಡೆ ಟೈಪ್‌ರೈಟರಿನ ಗಂಟೆ ತಾನಾಗಿಯೇ ಟಿಣ್ ಎಂದಿತು.

ಮೇಜಿನ ಮೇಲಿನ ರಿಸೀವರು ಸಣ್ಣ ದನಿಯಲ್ಲಿ “ಹಲೋ? ಸಾರ್?” ಎನ್ನುತ್ತಿತ್ತು. ಮಂಜುಳಾ ಕಿಟಕಿಗೆ ಹೋಗಿ ಬಗ್ಗಿ ನೋಡಿದಳು. ನಟರಾಜ ಕೊಬ್ಬರಿ ಲಾರಿಯನ್ನು ಬಳಸಿಕೊಂಡು, ಕಾಫಿ ಹೋಟೆಲಿನ ಮುಂದೆ ನಿಲ್ಲದೆ ದಾಟಿ, ಗಂಡಸಿ ಬಸ್ಸು ನಿಲ್ಲುವ ಕಡೆಗೆ ತಿರುಗಿದ. ಹಿಂದಕ್ಕೆ ನೋಡಲಿಲ್ಲ.

ಅವಳು ವಾಪಸು ಬಂದು ರಿಸೀವರನ್ನು ಕೈಗೆತ್ತಿಕೊಂಡಳು. “ಸಾರ್ ಕಾಫಿಗೆ ಹೋಗಿದ್ದಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಕಡೆಯಿಂದ ಹುಡುಗಿ ಏನೋ ಕೇಳಿದಳು. ಮಂಜುಳಾ ಕೇಳಿಸಿಕೊಂಡು, ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ, ಎಲೆಯ ಮುಂದೆ ಕೂತಿದ್ದ ರಘುರಾಮನ ಕಡೆಗೆ ಅದನ್ನು ಚಾಚಿದಳು.

“ಯಾವಾಗ ಬರ್ತಾರೆ ಅಂತ ಕೇಳ್ತಾವ್ಳೆ ಸಾರ್. ಹೇಳಿ.”